ಎರಡೇ ಸೀಟಿನ ಸಿಟ್ಟು

ಮೊನ್ನೆ ಬೆಳಗ್ಗೆ ಹಿತ್ತಿಲಲ್ಲಿ ಬಟ್ಟೆ ಹಿಂಡಿ ಹಾಕುತ್ತಿದ್ದೆ. ಶೆಡ್ಡಿನ ಕಡೆಯಿಂದ ಹುರುಳಿ ಹೊಟ್ಟು ಸುಟ್ಟ ವಾಸನೆ ಬಂತು. ಕೈಯಲ್ಲಿದ್ದ ಟವೆಲ್ಲಿನಲ್ಲಿ ನೀರು ಉಳಿದಿರಲಿಲ್ಲ, ಆದರೂ ಇನ್ನೆರಡು ಸುತ್ತು ಹಿಂಡಿದೆ. ನಮ್ಮ ಮನೆಯವರು ಕೆಂಪು ಕಾರು ಚಾಲೂ ಮಾಡಿದ್ದಾರೆಂದು ಮೂಗಿಗೇ ತಿಳಿಯಿತು. ಆ ಕಾರಿನ ಹೊಟ್ಟೆಯೊಳಗೆ ಎಲ್ಲೋ ಒಂದಿಷ್ಟು ಹೊಟ್ಟು ಸಿಕ್ಕಿಕೊಂಡು ಕೂತಿದೆ. ಇಂಜಿನ್ ಬಿಸಿಯಾದರೆ ಅದೂ ಬಿಸಿಯಾಗುತ್ತದೆ, ವಾಸನೆ ಬಂದ ಕೂಡಲೇ ನಾನೂ ಬಿಸಿಯಾಗುತ್ತೇನೆ. ಮೆಕ್ಯಾನಿಕ್ ಮತ್ತೆ ಮತ್ತೆ ಬಿಚ್ಚಿ ತೊಳೆದ, ಹೋಗಲಿಲ್ಲ. ನನ್ನನ್ನು ಕೇಳಿದರೆ ಅದು ಹೋಗುವುದೇ ಬೇಡ. ಕೆಲವು ವಾಸನೆಗಳು ಮನೆಯಲ್ಲಿ ಇರಬೇಕು, ಇಲ್ಲದಿದ್ದರೆ ಗಂಡಸರು ಎಲ್ಲವನ್ನೂ ಮರೆತುಬಿಡುತ್ತಾರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀಗರೂ ಹೇಳುತ್ತಾರೆ, ಹಾಲು ಹಾಕುವವನೂ ಹೇಳುತ್ತಾನೆ. ಹೇಳಲಿ. ನೀವು ಸ್ವಲ್ಪ ಕೂತು ಪೂರ್ತಿ ಕೇಳಿ. ಆಮೇಲೆ ಬೇಕಾದರೆ ನೀವೂ ಅವರ ಜೊತೆ ಸೇರಿಕೊಳ್ಳಿ.

ನಮ್ಮವರು ದಾವಣಗೆರೆಯ ಮಾರುಕಟ್ಟೆ ಯಾರ್ಡಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವವರು. ಹುರುಳಿ, ತೊಗರಿ, ಮೆಕ್ಕೆಜೋಳ ಇವುಗಳ ನಡುವೆಯೇ ತಲೆಗೂದಲು ಬೆಳ್ಳಗಾಯಿತು. ಅಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತು. ಮನೆಮಂದಿಯೆಲ್ಲ ಹತ್ತುತ್ತಿದ್ದ ಹಳೆಯ ಜೀಪನ್ನು ಕೊಟ್ಟು, ಪುಣೆಯ ಯಾರೋ ಓಡಿಸಿ ಬಿಟ್ಟಿದ್ದ ಈ ಕೆಂಪು ಗಾಡಿಯನ್ನು ತಂದರು. ಅದಕ್ಕೆ ಇದ್ದದ್ದು ಎರಡೇ ಸೀಟು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಬೆಕ್ಕು ತೂರಿದರೆ ಹೆಚ್ಚು. ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೂ ಇಬ್ಬರೇ ಹೋದ ಇತಿಹಾಸವಿಲ್ಲ. ಒಂದು ಸೀರೆ ತರಲು ಐದು ಜನ ಹೋಗುತ್ತೇವೆ. "ಉಳಿದೋರು ಎಲ್ಲಿ ಕೂಡ್ಬೇಕ್ರಿ? ಬಾನೆಟ್ ಮೇಲಾ?" ಎಂದು ಕೇಳಿದ್ದಕ್ಕೆ, "ನಿನಗೆ ಟೇಸ್ಟ್ ಇಲ್ಲ ಬಿಡು" ಎಂದರು. ನಾನು ಮಾಡಿದ ಹುರುಳಿ ಸಾರನ್ನು ಬೆರಳು ಚೀಪಿ ಉಣ್ಣುವಾಗ ನನಗೆ ಟೇಸ್ಟ್ ಇರುತ್ತದೆ ನೋಡಿ.

ಆ ಗಾಡಿ ಮಳೆಗಾಲಕ್ಕೆ ಆಗುವುದಿಲ್ಲ, ನೀರು ಸೇರುತ್ತದೆ. ಬೇಸಿಗೆಗೂ ಆಗುವುದಿಲ್ಲ, ದಾವಣಗೆರೆಯ ಬಿಸಿಲಿಗೆ ಅದರೊಳಗೆ ಕೂತವರು ಮಂಡಕ್ಕಿ ಭಟ್ಟಿಯೊಳಗೆ ಕೂತಂತೆ. ಹಾಗಾಗಿ ಅದು ಬರೀ ಚಳಿಗಾಲದ ಕಾರು. ದೀಪಾವಳಿ ಕಳೆದ ಮೇಲೆ ಹೊದಿಕೆ ತೆಗೆದರೆ ಶಿವರಾತ್ರಿಯವರೆಗೆ ದಿನಾ ಅದರಲ್ಲೇ ಓಡಾಟ. ಬೆಳಗಿನ ಮಂಜಿನಲ್ಲಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಾರಿನ ಮಡಚುವ ಚಾವಣಿ ತೆರೆದು ಹರಿಹರದವರೆಗೆ ಹೋಗಿ ಒಂದು ಚಹಾ ಕುಡಿದು ಬರುವುದು. ಪಕ್ಕದಲ್ಲಿ ನಾನು. ಯಾಕೆಂದರೆ ರಸ್ತೆಯ ಹಂಪುಗಳಿಗೆ ನಾನು ಬೇಕಿತ್ತು.

ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀವು ನಂಬುವುದಿಲ್ಲ. ಹಂಪು ಬಂದಾಗ ಕಾರಿನ ಹೊಟ್ಟೆ ಉಜ್ಜದಿರಲಿ ಎಂದು ಭಾರ ಇಳಿಸಬೇಕಲ್ಲ? ಆ ಭಾರ ಅಂದರೆ ನಾನು. ಹಂಪು ಕಂಡ ಕೂಡಲೇ ಗಾಡಿ ನಿಲ್ಲಿಸಿ "ಇಳಿ" ಎನ್ನುತ್ತಿದ್ದರು. ನಾನು ಇಳಿದು, ಕೆಳಗೆ ಬಗ್ಗಿ ನೋಡುತ್ತಾ, "ಬರ್ರಿ, ಬರ್ರಿ, ಸ್ವಲ್ಪ ಎಡಕ್ಕೆ" ಎನ್ನುತ್ತಾ ಹಂಪು ದಾಟಿಸಿ, ಮತ್ತೆ ಹತ್ತಬೇಕು. ಅದು ಹತ್ತುವುದಲ್ಲ, ಬಾವಿಗೆ ಇಳಿಯುವುದು. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಹೊರಟ ದಿನವೂ ಇದೇ ಕಥೆ. ಬಸ್‌ ಸ್ಟ್ಯಾಂಡಿನ ಜನ ಮೊದಲು ಕಾರು ನೋಡಿ ಬೆರಗಾಗುತ್ತಿದ್ದರು, ಆಮೇಲೆ ನನ್ನನ್ನು ನೋಡಿ ನಗುತ್ತಿದ್ದರು. "ಅಕ್ಕಾರೆ, ನಡ್ಕೊಂಡೇ ಹೋದ್ರೆ ಬೇಗ ಮುಟ್ತೀರಿ" ಎಂದ ಒಬ್ಬ ಹಣ್ಣಿನವನು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನೂ ಇದನ್ನು ನಗಾಡಿಕೊಂಡು ಹೇಳುತ್ತಿದ್ದೆ.

ಚಳಿಗಾಲದಲ್ಲಿ ನಮ್ಮ ಕಡೆಯ ಹಳ್ಳಿ ರಸ್ತೆಗಳು ರಸ್ತೆಗಳಾಗಿ ಇರುವುದಿಲ್ಲ, ಕಣಗಳಾಗುತ್ತವೆ. ಹುರುಳಿಯನ್ನೋ ರಾಗಿಯನ್ನೋ ಕಿತ್ತು ತಂದು ಡಾಂಬರಿನ ಮೇಲೆ ಹರವಿ, ಅಂಚಿಗೆ ಕಲ್ಲಿಟ್ಟು, ಹೆಣ್ಣುಮಕ್ಕಳು ಕವೆಗೋಲು ಹಿಡಿದು ನಿಲ್ಲುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾಯ್ದರೆ ಕಾಳು ಉದುರುತ್ತದೆ. ತಪ್ಪೋ ಸರಿಯೋ, ಇದು ನಡೆದು ಬಂದ ಪದ್ಧತಿ. ಪಕ್ಕಕ್ಕೆ ಜಾಗವಿದ್ದರೂ ಮೇಲೆಯೇ ಹೋಗಬೇಕು, ಅದು ಮರ್ಯಾದೆ. ನಮ್ಮವರಂತೂ ಜೀಪಿದ್ದ ಕಾಲದಲ್ಲಿ ಒಮ್ಮೆ ಹಾಯ್ದು, ರಿವರ್ಸ್ ಬಂದು, ಮತ್ತೊಮ್ಮೆ ಹಾಯುತ್ತಿದ್ದರು. ಆ ಕಾಳೇ ಅಲ್ಲವೇ ನಾಳೆ ಇವರ ಅಂಗಡಿಗೆ ಬರುವುದು! "ಸಾವ್ಕಾರ್ರು ನಮ್ಮ ಒಕ್ಕಣೆ ಮಾಡಿಕೊಟ್ರು" ಎಂದು ರೈತರು ನಕ್ಕರೆ ಇವರ ಎದೆ ಉಬ್ಬುತ್ತಿತ್ತು. ಹುರುಳಿ ಎಂದರೆ ಏನು, ಅದರ ಬಳ್ಳಿ ಹೇಗೆ ಸುತ್ತಿಕೊಳ್ಳುತ್ತದೆ ಎಂದು ಇವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಾರು ಬಂದ ಮೊದಲ ಚಳಿಗಾಲದಲ್ಲೇ ನಮ್ಮ ಚಿಗವ್ವ ದಾವಣಗೆರೆಯ ಆಸ್ಪತ್ರೆ ಸೇರಿದಳು. ಚಿಗವ್ವ ಅಂದರೆ ನಮ್ಮ ಅವ್ವನ ಬೆನ್ನಿಗೆ ಬಿದ್ದ ತಂಗಿ. ಉಸಿರಾಟದ ತೊಂದರೆ. ಬೆಳಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಕೈ ಹಿಡಿದುಕೊಂಡು, "ಅಕ್ಕನ್ನ ಕರ್ಕೊಂಡು ಬಾರೇ. ಒಂದು ಮಾತು ಆಡ್ಬೇಕು" ಎಂದಳು. ಅವ್ವ ಕಡರನಾಯಕನಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಸೊಂಟದ ನೋವಿನಿಂದ ಕೋಲು ಹಿಡಿದು ನಡೆಯುತ್ತಾಳೆ. ಬಾಡಿಗೆ ಕಾರು ಹೇಳಿ ಎಂದೆ. "ಮನೆ ಮುಂದೆ ಇಂಥ ಗಾಡಿ ಇಟ್ಕೊಂಡು ಬಾಡಿಗೆ ಗಾಡಿ ಯಾಕ? ಹಿಂಗೆ ಹೋಗಿ ಹಂಗೆ ಬರ್ತೀವಿ" ಎಂದರು.

ಹೋದೆವು. ಅವ್ವನನ್ನು ನಾನೂ ತಮ್ಮನ ಹೆಂಡತಿಯೂ ಎತ್ತಿ ಆ ಬಾವಿಯೊಳಗೆ ಕೂರಿಸಿದೆವು. ಅಲ್ಲಿಗೆ ಸೀಟು ಮುಗಿಯಿತು. "ನೀನು ಬಸ್ಸಿಗೆ ಬಾ" ಎಂದು ನನಗೆ ಹೇಳಿ ಬುರ್ರೆಂದು ಹೊರಟೇಬಿಟ್ಟರು. ನಾನು ಬಸ್ಸಿಗೆ ಕಾದೆ. ಎಷ್ಟೊತ್ತಿಗೋ ಬಂದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಇಷ್ಟೊತ್ತಿಗೆ ಅಕ್ಕತಂಗಿಯರು ಮಾತಿಗೆ ಕೂತಿರುತ್ತಾರೆ ಎಂದು ನೆನೆದು ಮನಸ್ಸು ಹಗುರವಾಗಿತ್ತು. ಹರಿಹರ ಇನ್ನೂ ಬಂದಿರಲಿಲ್ಲ, ಒಂದು ತಿರುವಿನಲ್ಲಿ ಬಸ್ಸು ನಿಧಾನವಾಯಿತು. ರಸ್ತೆ ತುಂಬ ಹುರುಳಿ ಹರವಿತ್ತು. ಅದರ ನಟ್ಟನಡುವೆ ಕೆಂಪು ಕಾರು ನಿಂತಿತ್ತು. ಅಡಿಯಿಂದ ಹೊಗೆ ಬಂದು ಆರಿದ ಗುರುತು, ಸುತ್ತ ಸುರಿದ ನೀರು. ನಮ್ಮವರು ನೆಲದ ಮೇಲೆ ಅಂಗಾತ ಮಲಗಿ ಸುತ್ತಿಕೊಂಡ ಬಳ್ಳಿಯನ್ನು ಕೈಯಿಂದ ಕೀಳುತ್ತಿದ್ದರು. ರಸ್ತೆ ಪಕ್ಕದ ಕಲ್ಲಿನ ಮೇಲೆ ನಮ್ಮ ಅವ್ವ, ಸೆರಗು ಹೊದ್ದುಕೊಂಡು, ಕೋಲು ಹಿಡಿದು ಕೂತಿದ್ದಳು.

ನಾನು ಬಸ್ಸಿನಿಂದ ಇಳಿದ ರಭಸಕ್ಕೆ ಕಂಡಕ್ಟರ್ ಹಿಂದೆ ಸರಿದ. "ಯಾವಾಗಿನಿಂದ ಹಿಂಗೆ ಕುಂದ್ರಿಸೀರಿ ಇವಳನ್ನ?" ಎಂದು ಕಿರುಚಿದೆ.

"ಆತು, ಎರಡು ನಿಮಿಷ. ಈಗ ಬಿಡ್ತೈತೆ" ಎಂದರು ಅಡಿಯಿಂದಲೇ.

ಕವೆಗೋಲು ಹಿಡಿದು ನಿಂತಿದ್ದ ಹೆಣ್ಣುಮಗಳು, ಆ ಹುರುಳಿಯ ಒಡತಿ, ಮೆಲ್ಲಗೆ ಹೇಳಿದಳು: "ಬ್ಯಾರೆ ಊರಿಂದ ಬಂದ ಎರಡು ಬಸ್ಸು ಹೋದ್ವು ಅಕ್ಕಾರೆ. ಅಜ್ಜಿನ್ನ ಹತ್ತಿಸ್ರಿ ಅಂದೆ. ಸಾವ್ಕಾರ್ರು ಬ್ಯಾಡ ಅಂದ್ರು."

ಅಳಿಯ ಕಾರಿನಲ್ಲಿ ಕರೆದುಕೊಂಡು ಹೊರಟ ಅತ್ತೆಯನ್ನು ನಡುದಾರಿಯಲ್ಲಿ ಬಸ್ಸಿಗೆ ಹತ್ತಿಸಿದರೆ ಜನ ಏನೆಂದಾರು! ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಆ ಗಾದೆ ಮಾಡಿದವನು ನನ್ನ ಕೈಗೆ ಸಿಕ್ಕರೆ ಅದೇ ಆನೆಯಿಂದ ತುಳಿಸುತ್ತೇನೆ. ಬಸ್ಸಿನ ಹೆಣ್ಣುಮಕ್ಕಳೇ ಇಳಿದು ಬಂದು ಅವ್ವನನ್ನು ಎತ್ತಿ ಒಳಗೆ ಕೂರಿಸಿದರು. ನಾನು ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಚಿಗವ್ವನ ಬಾಯಿಗೆ ಕೊಳವೆ ಹಾಕಿದ್ದರು. ಕಣ್ಣು ಮುಚ್ಚಿತ್ತು. "ಅಕ್ಕ ಬಂದ್ಲೇನು, ಬಂದ್ಲೇನು ಅಂತ ಈಗಿನ ತನಕ ಕೇಳ್ತಿದ್ಲು" ಎಂದು ಅವಳ ಮಗಳು ಗೋಡೆಗೆ ಒರಗಿ ಅತ್ತಳು. ಅವ್ವ ಮಂಚದ ಪಕ್ಕ ನಿಂತು, ತಂಗಿಯ ಪಾದ ಸವರಿ, "ಬಂದೀನಿ ಕಣೇ" ಎಂದಳು. ಕೇಳಿಸಿತೋ ಇಲ್ಲವೋ. ಚಿಗವ್ವ ಮತ್ತೆ ಕಣ್ಣು ತೆರೆಯಲೇ ಇಲ್ಲ. ಮಣ್ಣಿಗೆ ಬಂದವರೆಲ್ಲರ ಮುಂದೆ ಅವ್ವ, "ಪಾಪ, ಅಳಿಯಂದ್ರು ಕಾರು ತಗೊಂಡು ಓಡೋಡಿ ಬಂದ್ರು" ಎಂದೇ ಹೇಳಿದಳು. ನನ್ನ ಮೈಯೆಲ್ಲ ಉರಿಯಿತು.

ಆಮೇಲೆ ನಾನು ಆ ಕಾರು ಹತ್ತಲಿಲ್ಲ. ಆ ಸಿಟ್ಟಿಗೇ ಡ್ರೈವಿಂಗ್ ಕಲಿತೆ. ಕಲಿಸುವವನು ಕ್ಲಚ್ ಮೇಲೆ ಅಷ್ಟು ಜೋರಾಗಿ ಯಾಕೆ ಒದೆಯುತ್ತೀರಿ ಎಂದು ಕೇಳುತ್ತಿದ್ದ. ಎರಡು ಗೇಟಿನ ಕಂಬಗಳನ್ನೂ ಒಂದು ತುಳಸಿ ಕಟ್ಟೆಯನ್ನೂ ಕೆಡವಿದ ಮೇಲೆ ಕೈಗೆ ಹದ ಬಂತು. ಮನೆಮಂದಿ ಕೂರುವಂಥ ಒಂದು ಬಿಳಿ ಕಾರು ಬಂತು. ನಮ್ಮವರು ಚಳಿಗಾಲ ಬಂದರೆ ಒಬ್ಬರೇ ಹರಿಹರಕ್ಕೆ ಹೋಗಿ ಚಹಾ ಕುಡಿದು ಬರುತ್ತಾರೆ. ಹಂಪಿನಲ್ಲಿ ಯಾರು ಬಗ್ಗಿ ನೋಡುತ್ತಾರೋ, ನಾನು ಕೇಳಿಲ್ಲ.

ಹೀಗಿರುವಾಗ ಮೊನ್ನೆ ಆ ವಾಸನೆ. ಅವತ್ತು ಚಿಗವ್ವನ ಪುಣ್ಯತಿಥಿ. ದಾವಣಗೆರೆಯ ಅವಳ ಮಗಳ ಮನೆಗೆ ಅವ್ವನನ್ನು ಕರೆತರಬೇಕಿತ್ತು. ಬಿಳಿ ಕಾರು ತೊಳೆದು ನಿಲ್ಲಿಸಿದ್ದೆ. ಹಿಂಡಿದ ಟವೆಲ್ ಹಿಡಿದೇ ಶೆಡ್ಡಿಗೆ ನುಗ್ಗಿದೆ.

"ಇವತ್ತೇ ಇದನ್ನ ತೆಗೀಬೇಕಿತ್ತೇನ್ರಿ? ನಾಚಿಕೆ ಆಗಲ್ಲ ನಿಮಗೆ?"

"ಅತ್ತೆಯೋರೇ ಫೋನ್ ಮಾಡಿದ್ರು. ಇದೇ ಗಾಡಿ ಬೇಕಂತೆ" ಎಂದರು, ಮುಖ ಕೆಳಗೆ ಹಾಕಿ.

ನಂಬಲಿಲ್ಲ. ಅವ್ವನಿಗೆ ಫೋನ್ ಹಚ್ಚಿದೆ. "ಹೌದು ಕಣವ್ವ, ಆ ಕೆಂಪು ಕಾರೇ ತರ್ಸು" ಎಂದಳು. "ಆವತ್ತು ತಂಗಿ ನೋಡಾಕೆ ಅಂತ ಅದ್ರಾಗೆ ಕುಂತು ಹೊಂಟೆ. ಅರ್ಧಕ್ಕೆ ಇಳ್ದೆ. ಇನ್ನೂ ಮುಟ್ಟಿಲ್ಲ ಅನ್ನಿಸ್ತೈತೆ."

ಫೋನ್ ಇಟ್ಟು ಕೈ ಚಾಚಿದೆ. "ಕೀಲಿ ಕೊಡ್ರಿ."

"ನೀನು ಓಡಿಸ್ತೀಯಾ? ನಾನು?"

"ಎರಡೇ ಸೀಟು. ನೀವು ಬಸ್ಸಿಗೆ ಬರ್ರಿ."

ಇಂಜಿನ್ ಆರಿಸಿ ಕೊಟ್ಟರು. ಆ ಒಂದು ಕ್ಷಣಕ್ಕಾಗಿ ಆ ಗಾಡಿ ತಂದದ್ದೂ ಸಾರ್ಥಕವಾಯಿತೇನೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅವ್ವನನ್ನು ಕೂರಿಸಿಕೊಂಡು ಬರುವಾಗ ಅದೇ ತಿರುವಿನಲ್ಲಿ ಅದೇ ಹುರುಳಿ, ಅದೇ ಹೆಣ್ಣುಮಗಳು. ಕವೆಗೋಲು ಬೀಸಿ, "ಮ್ಯಾಲೆ ಬರ್ರಿ, ಮ್ಯಾಲೆ ಬರ್ರಿ" ಎಂದಳು. ಗಾಡಿ ನಿಲ್ಲಿಸಿ ಇಳಿದೆ. "ನನ್ನ ಗಾಡಿಗೆ ಆಗಲ್ಲವ್ವ, ತಗ್ಗೈತೆ. ಸ್ವಲ್ಪ ದಾರಿ ಬಿಡಿಸಿಕೊಡು" ಎಂದೆ. ಅವಳು ಕಾರನ್ನೂ ನನ್ನನ್ನೂ ನೋಡಿ ಗುರುತು ಹಿಡಿದಳು. ಕವೆಗೋಲಿನಿಂದ ಸರಸರನೆ ಸರಿಸಿದಳು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ದಾರಿಯಾಯಿತು.

"ಆವತ್ತೂ ಸಾವ್ಕಾರ್ರು ಹಿಂಗೆ ಒಂದು ಮಾತು ಅಂದಿದ್ರೆ ಆಗಿತ್ತು ಅಕ್ಕಾರೆ. ಕೇಳಿದ್ರೆ ನಾವು ಬ್ಯಾಡ ಅಂತಿದ್ವಾ?" ಎಂದಳು.

ಒಂದು ಮಾತು! ಚಿಗವ್ವ ಕೇಳಿದ್ದೂ ಒಂದೇ ಮಾತನ್ನು. ಬಾಗಿಲು ಧಡಾರೆಂದು ಹಾಕಿ ಕೂತೆ.

"ಏನಂದ್ಲು?" ಎಂದಳು ಅವ್ವ.

"ಏನಿಲ್ಲ."

"ನಂಗೂ ಕೇಳಿಸ್ತು." ಕೋಲನ್ನು ಮಡಿಲಿಗೆ ಎಳೆದುಕೊಂಡಳು. "ನಾನಾದ್ರೂ ಎದ್ದು ಬಸ್ಸಿಗೆ ಕೈ ಮಾಡ್ಬೋದಿತ್ತು. ಎರಡು ಬಸ್ಸು ಕಣ್ಮುಂದೇನೇ ಹೋದ್ವು. ಅಳಿಯಂದ್ರ ಮಾನ ಹೋಗ್ತೈತಲ್ಲ ಅಂತ ಬಾಯಿ ಮುಚ್ಕೊಂಡು ಕುಂತೆ."

ಇಷ್ಟು ದಿನ ಒಬ್ಬರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆಯಲ್ಲೇ ನಿಂತಿತು. ಅವ್ವನಿಗೆ ಬೈಯಲೇ? ಹಾಗೆ ಕೂರುವುದನ್ನು ಅವಳಿಗೆ ಕಲಿಸಿದವರಿಗೆ ಬೈಯಲೇ? ರೇಷ್ಮೆ ಸೀರೆ ಉಟ್ಟುಕೊಂಡು ಹಂಪು ಹಂಪಿಗೂ ಇಳಿಯುತ್ತಿದ್ದವಳು ನಾನೇ ಅಲ್ಲವೇ?

ಹರಿಹರ ದಾಟಿ ದಾವಣಗೆರೆಯ ಮೊದಲ ಹಂಪು ಬಂತು. ಬಸ್‌ ಸ್ಟಾಪಿನಲ್ಲಿ ಜನ ತುಂಬಿದ್ದರು. ನಾನು ಗಾಡಿ ನಿಧಾನ ಮಾಡಿದ್ದೇ ತಡ, ಅವ್ವ ಕೋಲಿಗೆ ಕೈ ಹಾಕಿದಳು.

"ಇಳೀಲೇನವ್ವ? ಉಜ್ಜುತೈತೆ ಅಂತಿದ್ರು ಅಳಿಯಂದ್ರು."

"ಕೂಡು" ಎಂದೆ. "ನೀನು ಇಳೀಬ್ಯಾಡ."

ಕಾರಿನ ಹೊಟ್ಟೆ ಈ ತುದಿಯಿಂದ ಆ ತುದಿಯವರೆಗೆ ಕರ್ರೆಂದು ಉಜ್ಜಿತು. ಸ್ಟಾಪಿನ ಜನ ಕಿವಿ ಮುಚ್ಚಿಕೊಂಡರು. ಉಜ್ಜಲಿ. ಚಿಗವ್ವನ ಮಗಳ ಮನೆಗೆ ಇನ್ನೂ ಸುಮಾರು ಹಂಪುಗಳಿದ್ದವು.