ಕಲ್ಲಿನ ಕೆಳಗಿನ ಸಾಲುಗಳು

ಮಾಸೂರಿನ ಕೆರೆಯ ಕೆಳಗೆ ನಮಗೊಂದು ಗದ್ದೆ ಇತ್ತು. ತೂಬು ಕಾಯುವ ಕೆಲಸಕ್ಕೆ ಹಿಂದಿನ ಯಾವನೋ ಅರಸ ನಮ್ಮ ಮನೆತನಕ್ಕೆ ಕೊಟ್ಟದ್ದು ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೆ ಸಾಕ್ಷಿ ಬದುವಿನಲ್ಲಿ ನೆಟ್ಟಿದ್ದ ಬರಹದ ಕಲ್ಲು. ಅದನ್ನು ಓದಲು ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವ್ವನಿಗೆ ಅದು ದೇವರು. ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಬರುತ್ತಿದ್ದಳು.

ಸ್ವಾತಂತ್ರ್ಯ ಬರಲು ಇನ್ನೂ ಹತ್ತು ವರ್ಷ ಇರಬೇಕು, ಊರಗೌಡ ಆ ಗದ್ದೆ ತನ್ನದೆಂದು ಹಿರೇಕೆರೂರಿನ ಮಾಮಲೇದಾರರ ಕಚೇರಿಯಲ್ಲಿ ಅರ್ಜಿ ಹಾಕಿದ. ಅದೇ ಬೇಸಿಗೆಯಲ್ಲಿ ಧಾರವಾಡದ ಕಡೆಯ ಪಂಡಿತರೊಬ್ಬರು ಬಂದರು. ಊರೂರಿನ ಕಲ್ಲಿನ ಬರಹ ಕೂಡಿಸಿ ಪುಸ್ತಕ ಮಾಡುವವರು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ಅಚ್ಚು ತೆಗೆದರು.

"ಮ್ಯಾಲೆ ಬರೇ ಅರಸನ ಹೊಗಳಿಕಿ ಅದ. ಭೂಮಿ ಯಾರಿಗೆ ಕೊಟ್ರು, ಎಲ್ಲಿಂದ ಎಲ್ಲೀತನಕ ಅನ್ನೂದು ಕೆಳಗ ಇರ್ತದ. ಅದು ಮಣ್ಣಾಗ ಹೋಗ್ಯದ. ಒಂದ್ ಮೊಳ ಅಗೀರಿ" ಎಂದರು.

ಅಪ್ಪ ಗುದ್ದಲಿ ಎತ್ತಿಕೊಂಡ. ಅವ್ವ ಕಲ್ಲಿಗೆ ಬೆನ್ನು ಹಚ್ಚಿ ಕುಂತುಬಿಟ್ಟಳು.

"ದೇವರ ಬುಡಕ್ಕ ಗುದ್ದಲಿ ಹಾಕ್ತೀರೇನು? ಮದಲ ನನ್ನ ಕಾಲ ಕಡೀರಿ."

"ದೇವರಲ್ಲ ಇದು, ನಮ್ಮ ಗದ್ದೀ ಕಾಗದ!"

"ಕಾಗದಕ್ಕ ಯಾರರ ಎಣ್ಣಿ ಹಚ್ತಾರೇನು?"

ನೆರೆದ ಮಂದಿ ನಕ್ಕರು. ಹೆಂಗಸರೆಲ್ಲ ಅವ್ವನ ಕಡೆ. ಪಂಡಿತರು ಮೇಲಿನ ಸಾಲುಗಳ ಅಚ್ಚನ್ನಷ್ಟೇ ಸುತ್ತಿಕೊಂಡು ಹೋದರು.

ಪುಸ್ತಕ ಬಂತು. ಗೌಡನ ವಕೀಲನೇ ಅದನ್ನು ಮಾಮಲೇದಾರರ ಮುಂದೆ ಇಟ್ಟ. ಪುಟದ ತುಂಬ ಅರಸನ ಬಿರುದುಗಳು. ಕೊನೆಗೆ, ಮುಂದಿನ ಸಾಲುಗಳು ನೆಲದಲ್ಲಿ ಹೂತಿವೆ ಎಂದಿತ್ತು. ನಮ್ಮ ಮನೆತನದ ಸುದ್ದಿಯೇ ಇಲ್ಲ. ಗದ್ದೆ ಗೌಡನಿಗೆ ಹೋಯಿತು.

ಆಗ ಅಪ್ಪ ಅವ್ವನನ್ನು ಆಚೆ ದೂಡಿ ಅಗೆದ. ಬರಹ ಇತ್ತು, ಸ್ವಚ್ಛವಾಗಿ. ಪಂಡಿತರಿಗೆ ಹೇಳಿ ಕಳಿಸಿದೆವು. ಅವರಿಗೆ ಬೇರೆ ಊರಿನ ಕಲ್ಲುಗಳಿದ್ದವು, ಬರಲಿಲ್ಲ. ಅಪ್ಪ ಕಚೇರಿಗೆ ಓಡಿದ.

"ಏನ್ ಬರದೈತೋ ಅದರಾಗ?" ಎಂದರಂತೆ ಮಾಮಲೇದಾರರು.

"ನನಗ ಓದಾಕ ಬರೂದಿಲ್ರಿ ಸಾಹೇಬ್ರ."

"ನನಗೂ ಬರೂದಿಲ್ಲ. ಪುಸ್ತಕದಾಗ ಇಲ್ಲ. ಹೋಗು."

ಗೌಡ ಕಲ್ಲನ್ನು ಕೀಳಿಸಿ, ಬರಹ ಕೆಳಗೆ ಮಾಡಿ, ದಾಟಲೆಂದು ಕಾಲುವೆಗೆ ಅಡ್ಡ ಹಾಸಿದ. ಅದೇ ಗದ್ದೆಗೆ ನಾವು ನಾಟಿಯ ಕೂಲಿಗೆ ಹೋದೆವು. ಅವ್ವ ಕಲ್ಲಿನ ಮೇಲೆ ಕಾಲಿಡದೆ ನೀರಿಗಿಳಿದು ದಾಟುತ್ತಿದ್ದಳು, ದಿನವೆಲ್ಲ ಒದ್ದೆ ಸೀರೆಯಲ್ಲೇ ದುಡಿಯುತ್ತಿದ್ದಳು. ಅಪ್ಪ ಬೇಕಂತಲೇ ಅದನ್ನು ತುಳಿದು ಹೋಗುತ್ತಿದ್ದ. ನಾನು ಅಪ್ಪನ ಹಿಂದೆ ಕಲ್ಲಿನ ಮೇಲೇ ಹೋಗುತ್ತಿದ್ದೆ. ನೀರು ಬಹಳ ತಣ್ಣಗಿರುತ್ತಿತ್ತು.