ಹುರುಳಿ ಹರಡಿದ ರಸ್ತೆ ಯಾರದು?

ಉಗಿಯುವುದಾದರೆ ಉಗಿಯಿರಿ ಗೆಳೆಯರೇ. ಇವತ್ತು ಬಿಂಡಿಗನವಿಲೆ ರಸ್ತೆಯಲ್ಲಿ ಒಕ್ಕಣೆಗೆಂದು ಹರಡಿದ್ದ ಹುರುಳಿಯ ಮೇಲೆ ಸೈಕಲ್ ಜಾರಿ ಬಿದ್ದೆ. ಮಳೆ ಬರುವ ಮುಂಚೆ ಅದನ್ನು ಬಾಚಿಕೊಳ್ಳಲು ಅಕ್ಕ ಒಬ್ಬಳು ಒಂಟಿಯಾಗಿ ಒದ್ದಾಡುತ್ತಿದ್ದಳು. ಮೊಣಕೈ ತರಚಿದ ಸಿಟ್ಟಿಗೆ ಅವಳನ್ನು ತಡೆದು ನಿಲ್ಲಿಸಿ ಕಿರುಚಿದೆ: "ರಸ್ತೆ ಏನ್ ನಿಮ್ಮಪ್ಪಂದಾ?"

ಅವಳು ನನ್ನ ಮುಖವನ್ನೇ ನೋಡಿದಳು. "ನಾಗಮಂಗ್ಲದಲ್ಲಿ ನಮ್ ಬಸ್ಸು ತಡೆದು, ಈ ರಸ್ತೆ ರೈತರ್ದು ಅಂತ ಮೈಕಲ್ಲಿ ಅರಚ್ತಿದ್ದೋನು ನೀನೇ ಅಲ್ವೇನ್ಲಾ? ನಮ್ಮಪ್ಪನೂ ರೈತ್ನೇ ಕಣಪ್ಪ. ಹನಿ ಬೀಳ್ತಾ ಅದೆ, ಭಾಷಣ ಬುಟ್ಟು ಚೀಲ ಇಡ್ಕೊ."

ಹಿಡಿದೆ. ನನ್ನ ಕೂಗಾಟದಲ್ಲೇ ಹೊತ್ತು ಹೋಗಿ ಅರ್ಧ ಹುರುಳಿ ನೆನೆದುಹೋಯಿತು. ಮುಂದಿನ ರಸ್ತೆತಡೆಯಲ್ಲಿ ಮೈಕನ್ನು ಬೇರೆ ಯಾರಾದರೂ ಹಿಡಿಯಿರಿ. ನನಗೆ ಚೀಲವೇ ಸರಿ.