ಎಡಗಡೆ ಜೆಲ್, ಬಲಗಡೆ ಸ್ಪ್ರೇ

ಮೊನ್ನೆ ಒಸಡು ಮರಗಟ್ಟಿಸುವ ಹೊಸ ಜೆಲ್ಲಿನ ಮುಚ್ಚಳ ತೆಗೆದೆ. ಬಾಳೆಹಣ್ಣಿನ ವಾಸನೆ! ಹಲ್ಲಿನ ಡಾಕ್ಟರಿಗೆ ಅದರಿಂದ ಕಣ್ಣು ತುಂಬುವುದೆಂದರೆ ಯಾರಾದರೂ ನಗುತ್ತಾರೆ. ನನಗೆ ತುಂಬಿತು... ಕಾಮಾಕ್ಷಿಪಾಳ್ಯದ ಸಿಸ್ಟರ್ ನೆನಪಾದರು.

ಎರಡು ಸಾವಿರದ ಐದೋ ಆರೋ ಇರಬೇಕು. ಓದು ಮುಗಿಸಿ ಅಲ್ಲಿನ ಸಣ್ಣ ಕ್ಲಿನಿಕ್ಕಿಗೆ ಸೇರಿದ್ದೆ. ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು ಊಟದ ಬಿಡುವಿನಲ್ಲಿ ಓಡಿ ಬರುತ್ತಿದ್ದರು. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚಬೇಕು. ಆ ಚುಚ್ಚು ತಿಳಿಯದಿರಲೆಂದು ಜೆಲ್ ಹಚ್ಚುತ್ತೇವೆ, ಇಲ್ಲವೇ ಸ್ಪ್ರೇ ಹೊಡೆಯುತ್ತೇವೆ. ನಾನು ಯಾವುದು ಬಳಸಿದರೂ ಕಿಟಾರನೆ ಕಿರುಚುತ್ತಿದ್ದರು. ಒಂದೇ ವಾರದಲ್ಲಿ ಮೂವರು ಕುರ್ಚಿಯಿಂದ ಎದ್ದು ಹೋದರು. ಈ ವೃತ್ತಿಯೇ ಬೇಡವೆನಿಸಿ, "ಔಷಧಿಗಳೇ ಸರಿಯಿಲ್ಲ ಸಿಸ್ಟರ್" ಎಂದು ಅತ್ತುಬಿಟ್ಟೆ.

ಸಿಸ್ಟರ್ ಕ್ಲಿನಿಕ್ಕಿನ ಹಳೆಯ ನರ್ಸು, ನನ್ನ ತಾಯಿಯ ವಯಸ್ಸಿನವರು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕು, ತಾವೇ ಹೋಗಿ ಕುರ್ಚಿಯಲ್ಲಿ ಕೂತರು. "ಎಡಗಡೆ ಜೆಲ್ ಹಚ್ಚಿ, ಬಲಗಡೆ ಸ್ಪ್ರೇ ಹೊಡೀರಿ. ಯಾವ್ದು ವಾಸಿ ಅಂತ ನಾನ್ ಹೇಳ್ತೀನಿ."

ಬೇಡವೆಂದರೂ ಕೇಳಲಿಲ್ಲ. ಎಂಜಲಿನ ಮೇಲೆಯೇ ಬಾಳೆಹಣ್ಣಿನ ವಾಸನೆಯ ಆ ಜೆಲ್ ಹಚ್ಚಲು ಹೋದಾಗ ಕೈ ತಡೆದರು. "ಮೊದ್ಲು ಹತ್ತೀಲಿ ಒರೆಸಿ. ಹಚ್ಚಿದ್ಮೇಲೆ ಎರಡು ನಿಮಿಷ ಸುಮ್ನಿರಿ. ನಿಮಗೆ ಕಾಯೋಕೇ ಬರಲ್ಲ ಡಾಕ್ಟ್ರೇ."

ನಿಜ. ಆ ಹೆಂಗಸರ ಬಿಡುವು ಮುಗಿದೀತೆಂದು ನಾನು ಅವರಿಗಿಂತ ಹೆಚ್ಚು ಆತುರಪಡುತ್ತಿದ್ದೆ. ಸ್ಪ್ರೇ ಬೇಗ ಹಿಡಿಯಿತು, ಆದರೆ ನಾಲಿಗೆ, ಗಂಟಲಿಗೂ ಹರಡಿ ಸಿಸ್ಟರ್ ಮಾತು ತೊದಲಿತು. ಜೆಲ್ ನಿಧಾನ, ಹಚ್ಚಿದಲ್ಲೇ ನಿಂತಿತು. ಎರಡೂ ಕಡೆ ಸೂಜಿ ಚುಚ್ಚಿ, ನೋವಾಯಿತೇ ಎಂದು ಕೇಳಿದೆ.

"ಬಲಗಡೆ ಸ್ವಲ್ಪ ಗೊತ್ತಾಯ್ತು. ಎಡಗಡೆ ಏನೂ ಇಲ್ಲ" ಎಂದರು.

ಅಂದಿನಿಂದ ಜೆಲ್ಲೇ. ಒರೆಸುವುದು, ಹಚ್ಚುವುದು, ಕಾಯುವುದು. ಧೈರ್ಯ ಬಂದ ಮೇಲೆ ಕೈಯೂ ಕುದುರಿತು. ಯಾರೂ ಎದ್ದು ಹೋಗಲಿಲ್ಲ.

ವಿಜಯನಗರದಲ್ಲಿ ನನ್ನದೇ ಕ್ಲಿನಿಕ್ ತೆರೆದ ಮೇಲೆ ಹೋಗಿಬರುವುದು ಕಡಿಮೆಯಾಯಿತು... ಅವರು ತೀರಿಕೊಂಡ ಸುದ್ದಿಯೂ ತಡವಾಗಿ ತಿಳಿಯಿತು. ಹೇರೋಹಳ್ಳಿಯ ಮನೆಗೆ ಹೋಗಿ ಅವರ ಮಗಳಿಗೆ ಈ ಕಥೆ ಹೇಳಿದೆ.

"ಅವತ್ತು ಅಮ್ಮ ಎರಡೂ ಕಡೆ ನೋವು ಅಂತ ಬರೀ ಗಂಜಿ ಕುಡಿದಿದ್ರು. 'ಆ ಮಗು ಮೊದ್ಲೇ ಅತ್ತಿತ್ತು ಕಣೇ. ನೋವಾಯ್ತು ಅಂದಿದ್ರೆ ಇನ್ನು ಸೂಜೀನೇ ಮುಟ್ತಿರ್ಲಿಲ್ಲ' ಅಂದ್ರು."

ದಿನವೂ ಎಷ್ಟೋ ಜನರನ್ನು ನೋವಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತೇನೆ. ಅವರೊಬ್ಬರನ್ನು ಮಾತ್ರ ಎರಡನೇ ಸಲ ಕೇಳಲಿಲ್ಲ.